ಬಾದಾಮಿ ಹಾಲು ಅಂದರೆ ಯಾವ ಹಾಲು? ವಿದ್ಯಾನಗರದ ಒಂದು ಅಂಗಡಿ ಬಗ್ಗೆ

ಈ ಅಂಗಡಿ ಬಗ್ಗೆ ಬರೆಯಬೇಕು ಅಂತ ಮೂರು ತಿಂಗಳಿಂದ ಅಂದುಕೊಳ್ಳುತ್ತಿದ್ದೆ. ಹುಬ್ಬಳ್ಳಿ ವಿದ್ಯಾನಗರದಲ್ಲಿ ದೊಡ್ಡ ರಸ್ತೆ ಬಿಟ್ಟು ಸ್ವಲ್ಪ ಒಳಗೆ ಬಂದರೆ ಸಿಗುತ್ತದೆ. ಬೋರ್ಡಿನ ಮೇಲೆ ಹೆಸರಿಲ್ಲ, ‘ಹಾಲು ಮೊಸರು ಬೆಣ್ಣೆ’ ಅಂತಷ್ಟೇ ಇದೆ. ಅಂಗಡಿಯವರನ್ನ ಎಲ್ಲರೂ ಕಾಕಾ ಅಂತಲೇ ಕರೆಯುತ್ತಾರೆ. ಎರಡು ಫ್ರಿಜ್ಜು, ಒಂದು ಐಸ್‌ಕ್ರೀಮ್ ಪೆಟ್ಟಿಗೆ, ಗೋಡೆಗೆ ಒಂದು ಕಪಾಟು, ಅಷ್ಟೇ. ಆದರೆ ಯಾವುದರಲ್ಲಿ ಹಾಲಿದೆ, ಯಾವುದರಲ್ಲಿ ಇಲ್ಲ ಅಂತ ಕನ್ನಡದಲ್ಲಿ ಬರೆದು ಅಂಟಿಸಿರುವ ಅಂಗಡಿ ಹುಬ್ಬಳ್ಳಿ-ಧಾರವಾಡದಲ್ಲಿ ನಾನು ನೋಡಿದ್ದು ಇದೊಂದೇ.

ನನ್ನ ಮಗನಿಗೆ ಹಾಲಿನ ಅಲರ್ಜಿ. ಆರು ವರ್ಷ ಅವನಿಗೆ. ಹಾಲು ಕುಡಿದರೆ ಹೊಟ್ಟೆ ಉಬ್ಬುತ್ತದೆ ಅಂತಾರಲ್ಲ, ಅದು ಬೇರೆ, ಹಾಲಿನಲ್ಲಿರುವ ಲ್ಯಾಕ್ಟೋಸ್ ಅನ್ನೋ ಸಕ್ಕರೆ ಜೀರ್ಣ ಆಗದೆ ಬರುವ ತೊಂದರೆ ಅದು. ಇವನಿಗೆ ಆಗದಿರುವುದು ಹಾಲಿನ ಪ್ರೋಟೀನು. ಎರಡು ಗುಟುಕು ಹೋದರೆ ಸಾಕು, ಮೈಯೆಲ್ಲ ಗಂಧೆ ಏಳುತ್ತವೆ, ತುಟಿ ಊದಿಕೊಳ್ಳುತ್ತದೆ.

ಹೋದ ವರ್ಷ ಬೇರೊಂದು ಅಂಗಡಿಯಲ್ಲಿ ನಮ್ಮ ಮನೆಯವರು ‘ಬಾದಾಮಿ ಹಾಲು ಕೊಡ್ರಿ, ಆಕಳ ಹಾಲು ಇರಬಾರದು’ ಅಂತ ಕೇಳಿದ್ದಾರೆ. ಗಲ್ಲಾದಲ್ಲಿ ಕೂತಿದ್ದ ಹುಡುಗ ಬಾಟಲಿ ತಿರುಗಿಸಿ ಹಸಿರು ಚುಕ್ಕೆ ತೋರಿಸಿದ್ದಾನೆ. ‘ಬಾದಾಮಿದ ಐತ್ರಿ, ವೆಜ್ಜೂ ಐತಿ’ ಅಂದಿದ್ದಾನೆ. ಇವರು ನಂಬಿ ತಂದರು, ಮಗು ಖುಷಿಯಿಂದ ಕುಡಿಯಿತು, ರಾತ್ರಿ ಹನ್ನೊಂದಕ್ಕೆ ನಾವು ಆಸ್ಪತ್ರೆಯಲ್ಲಿ ಇದ್ದೆವು. ಆ ಹುಡುಗ ಬೇಕಂತ ಸುಳ್ಳು ಹೇಳಿದ್ದಲ್ಲ. ನಮ್ಮ ಕಡೆ ಬಾದಾಮಿ ಹಾಲು ಅಂದರೆ ಮೊದಲಿನಿಂದಲೂ ಹಾಲಿಗೆ ಬಾದಾಮಿ ಪುಡಿ, ಕೇಸರಿ, ಏಲಕ್ಕಿ ಹಾಕಿ ಕಾಯಿಸಿದ್ದೇ ಅಲ್ವಾ? ಈಗ ಬಾದಾಮಿ ಅರೆದು, ನೀರು ಸೇರಿಸಿ, ಸೋಸಿ, ಡಬ್ಬಿಗೆ ತುಂಬಿದ್ದು ಇನ್ನೊಂದು ಬಂದಿದೆ. ಜನ ಅದಕ್ಕೂ ಬಾದಾಮಿ ಹಾಲು ಅಂತಲೇ ಹೇಳುತ್ತಾರೆ. ಎರಡರ ಮೇಲೂ ಬಾದಾಮಿ ಚಿತ್ರ, ಎರಡರ ಮೇಲೂ ಹಸಿರು ಚುಕ್ಕೆ. ಆ ಚುಕ್ಕೆ ಹೇಳುವುದು ಮಾಂಸ, ಮೀನು, ಮೊಟ್ಟೆ ಇಲ್ಲ ಅಂತ ಮಾತ್ರ. ಹಾಲು ಇದ್ದರೂ ಹಸಿರು ಚುಕ್ಕೆಯೇ.

ಇಷ್ಟೆಲ್ಲ ಆದಮೇಲೆ ಈ ಕಾಕಾನ ಅಂಗಡಿ ಸಿಕ್ಕಿತು. ಮೊದಲ ದಿನ ಫ್ರಿಜ್ಜಿನ ಬಾಗಿಲು ತೆಗೆದು ಬಾದಾಮಿ ಹಾಲಿನ ಬಾಟಲಿಗೆ ಕೈ ಹಾಕಿದೆ. ಬಾಟಲಿಗಳ ಮುಂದೆ ತಟ್ಟೆಯ ಅಂಚಿಗೆ ಒಂದು ಚೀಟಿ, ಕೆಂಪು ಸ್ಕೆಚ್ ಪೆನ್ನಿನಲ್ಲಿ ದುಂಡಗೆ ಬರೆದಿದ್ದು: ‘ಇದರಾಗ ಆಕಳ ಹಾಲು ಐತಿ.’ ಪಕ್ಕದ ಕಪಾಟಿನಲ್ಲಿ ಬಾದಾಮಿ ಅರೆದ ಡಬ್ಬಿ, ಅದರ ಕೆಳಗೆ ಹಸಿರು ಚೀಟಿ: ‘ಬಾದಾಮಿ ಅರೆದ ನೀರು. ಹಾಲು ಇಲ್ಲ.’ ನಾನು ಅಲ್ಲೇ ನಿಂತು ಎರಡೆರಡು ಸಲ ಓದಿದೆ. ಚೀಟಿಗಳನ್ನ ಬರೆಯುವುದು ಕಾಕಾನ ಸೊಸೆ. ಹೊಸ ಮಾಲು ಬಂದಾಗಲೆಲ್ಲ ಹಿಂದಿನ ಸಣ್ಣ ಅಕ್ಷರ ಓದಿ, ಆಮೇಲೆ ಬರೆಯುತ್ತಾರಂತೆ. ‘ಅದರಾಗ ಏನ್ ಹಾಕ್ಯಾರಂತ ಒಂದ್ಸಲ ನಾನೂ ಓದ್ಬೇಕಲ್ರಿ ಅಕ್ಕಾರ, ಇಲ್ಲಾಂದ್ರ ಹೆಂಗ ಮಾರೋದು’ ಅಂದರು.

ನಿಜವಾದ ತೊಂದರೆ ಇರುವುದೇ ಆ ಸಣ್ಣ ಅಕ್ಷರದಲ್ಲಿ. ಲೇಬಲ್ ಇಂಗ್ಲಿಷಿನಲ್ಲಿ ಅಥವಾ ದೇವನಾಗರಿಯ ಹಿಂದಿಯಲ್ಲಿ ಇದ್ದರೆ ಕಾನೂನಿಗೆ ಸಾಕು. ಕನ್ನಡ ಹಾಕಬಹುದು, ಹಾಕಲೇಬೇಕು ಅಂತಿಲ್ಲ. 2023ರ ಮಾರ್ಚ್‌ನಲ್ಲಿ ಮೊಸರಿನ ಪ್ಯಾಕೆಟ್ ಮೇಲೆ ‘ದಹಿ’ ಅಂತ ಹಾಕಿ ಅಂತ ಎಫ್‌ಎಸ್‌ಎಸ್‌ಎಐ, ಅಂದರೆ ಆಹಾರದ ನಿಯಮ ಮಾಡುವ ಕೇಂದ್ರದ ಸಂಸ್ಥೆ, ಹೇಳಿದಾಗ ನಾವೆಲ್ಲ ಸಿಟ್ಟಾಗಿದ್ದೆವು, ಆ ತಿಂಗಳು ಮುಗಿಯುವುದರೊಳಗೆ ಅವರು ಮಾತು ಬದಲಿಸಿ ಮೊಸರು ಅಂತಲೂ ಬರೆಯಬಹುದು ಅಂದರು. ಒಳ್ಳೆಯದೇ ಆಯಿತು. ಆದರೆ ಮೊಸರು ಯಾವುದು ಅಂತ ನಮಗೆ ಲೇಬಲ್ ಇಲ್ಲದಿದ್ದರೂ ಗೊತ್ತಾಗುತ್ತದೆ. ಬಿಸ್ಕಿಟ್ಟಿನ ಹಿಂದೆ ‘ಮಿಲ್ಕ್ ಸಾಲಿಡ್ಸ್’ ಅಂತಲೋ, ಕಾಫಿಗೆ ಹಾಕುವ ಪುಡಿಯ ಹಿಂದೆ ‘ಸೋಡಿಯಂ ಕೇಸಿನೇಟ್’ ಅಂತಲೋ ಇದ್ದರೆ ನನ್ನ ಅತ್ತೆಗೆ ಹೇಗೆ ಗೊತ್ತಾಗಬೇಕು? ಕೇಸಿನೇಟ್ ಅಂದರೆ ಹಾಲಿನ ಪ್ರೋಟೀನೇ. ಮುಂದೆ ದೊಡ್ಡದಾಗಿ ‘ನಾನ್ ಡೈರಿ’, ಅಂದರೆ ಹಾಲಿನದ್ದಲ್ಲ, ಅಂತ ಇರುವ ಡಬ್ಬಿಯಲ್ಲೂ ಅದು ಇರಬಹುದು. ಮಗುವಿಗೆ ದಿನಾ ತಿನ್ನಿಸುವವರು ಅತ್ತೆ. ಅವರು ಕನ್ನಡ ಮಾತ್ರ ಓದುತ್ತಾರೆ.

ಸೋಯಾದ್ದಕ್ಕೆ, ಓಟ್ಸ್‌ನದ್ದಕ್ಕೆ ಹಾಲು ಅಂತ ಕರೆಯಬಹುದೋ ಬಾರದೋ ಅನ್ನೋ ಜಗಳ ದೊಡ್ಡದಿದೆ. ನಮ್ಮ ಕಾನೂನಿನಲ್ಲಿ ಹಾಲು ಅಂದರೆ ಹಾಲು ಹಿಂಡುವ ಪ್ರಾಣಿಯ ಕೆಚ್ಚಲಿನಿಂದ ಬಂದದ್ದು. 2021ರಲ್ಲಿ ಎಫ್‌ಎಸ್‌ಎಸ್‌ಎಐ, ಡೈರಿ ಹೆಸರು ಹಾಕಿಕೊಂಡ ಸಸ್ಯದ ಪಾನೀಯಗಳನ್ನ ಪಟ್ಟಿಯಿಂದ ತೆಗೆಯಿರಿ ಅಂತ ಆನ್‌ಲೈನ್ ಮಾರಾಟಗಾರರಿಗೆ ಹೇಳಿತ್ತು. ಯುರೋಪಿನ ಕೋರ್ಟು 2017ರಲ್ಲೇ ಹೆಚ್ಚುಕಡಿಮೆ ಇದೇ ಮಾತು ಹೇಳಿದೆ. ಅದಕ್ಕೇ ಈಗ ಡಬ್ಬಿಗಳ ಮೇಲೆ ‘ಡ್ರಿಂಕ್’, ‘ಬೆವರೇಜ್’ ಅಂತ ಬರುತ್ತಿದೆ. ನನಗೆ ಆ ಶಬ್ದದ ಮೇಲೆ ಸಿಟ್ಟಿಲ್ಲ. ನಾವು ಕಾಯಿ ಹಾಲು ಅನ್ನುತ್ತೇವೆ, ಎಕ್ಕದ ಹಾಲು ಅನ್ನುತ್ತೇವೆ, ಹಲ್ವಾ ಮಾಡುವಾಗ ಗೋಧಿ ನೆನೆಸಿ ಹಾಲು ತೆಗೆಯುತ್ತೇವೆ, ಜೋಳದ ತೆನೆಗೆ ಹಾಲು ತುಂಬಿದೆ ಅನ್ನುತ್ತೇವೆ. ಅದರಿಂದ ಯಾರಿಗೂ ಮೋಸ ಆಗಿಲ್ಲ, ಯಾಕೆಂದರೆ ಯಾವುದರ ಹಾಲು ಅಂತ ಹೆಸರಲ್ಲೇ ಇದೆ. ಬಾದಾಮಿ ಹಾಲಿನ ಹೆಸರಿನಲ್ಲಿ ಮಾತ್ರ ಎರಡು ಬೇರೆ ಪದಾರ್ಥ ಬಂದು ಕೂತಿವೆ. ಅದಕ್ಕೆ ಈ ಸೊಸೆಯ ‘ಅರೆದ ನೀರು’ ನನಗೆ ತುಂಬಾ ಹಿಡಿಸಿತು. ಕೇಳಿದ ತಕ್ಷಣ ಅರ್ಥ ಆಗುತ್ತದೆ.

ಇನ್ನು ಮಾಲಿನ ಬಗ್ಗೆ. ಸೋಯಾದ್ದು ನಮ್ಮ ಮನೆಯಲ್ಲಿ ದಿನಾ ನಡೆಯುತ್ತದೆ, ಸಕ್ಕರೆ ಹಾಕದೆ ಇರುವುದನ್ನೇ ತರುತ್ತೇನೆ. ಆಕಳ ಹಾಲಿನಲ್ಲಿ 100 ಮಿಲಿಗೆ ಸುಮಾರು 3 ಗ್ರಾಂ ಪ್ರೋಟೀನ್ ಇರುತ್ತದೆ, ಸೋಯಾದ್ದು ಅದಕ್ಕೆ ಹತ್ತಿರ ಬರುತ್ತದೆ. ಬಾದಾಮಿಯದ್ದು ಒಂದು ಗ್ರಾಂ ಕೂಡ ಮುಟ್ಟುವುದಿಲ್ಲ. ತೆಳ್ಳಗೆ, ನೀರು ನೀರು. ಬೆಲೆ ನೋಡಿದರೆ ಬೇಜಾರು ಆಗುತ್ತದೆ. ಬೆಳೆಯುವ ಮಕ್ಕಳಿಗೆ ಹಾಲಿನ ಬದಲು ಅದನ್ನೇ ಕೊಡುತ್ತಿದ್ದರೆ ದಯವಿಟ್ಟು ಒಂದು ಸಲ ಡಾಕ್ಟರನ್ನ ಕೇಳಿ. ಓಟ್ಸ್‌ನದ್ದು ದಪ್ಪಗೆ, ಸ್ವಲ್ಪ ಸಿಹಿ. ಸಕ್ಕರೆ ಹಾಕಿಲ್ಲ ಅಂತ ಬರೆದಿದ್ದರೂ ಸಿಹಿ ಯಾಕೆ ಅಂದರೆ, ಮಾಡುವಾಗ ಓಟ್ಸ್‌ನ ಪಿಷ್ಟವೇ ಒಡೆದು ಸಕ್ಕರೆ ಆಗಿರುತ್ತದೆ. ಚಹಾಕ್ಕೆ ಇದೇ ಚೆನ್ನಾಗಿ ಹೊಂದಿತು, ಸೋಯಾದ್ದು ಬಿಸಿ ಚಹಾದಲ್ಲಿ ಎರಡು ಸಲ ಒಡೆಯಿತು. ಆದರೆ ನಂದಿನಿ ಹಾಲಿನ ಐದಾರು ಪಟ್ಟು ರೇಟು. ತಿಂಗಳಿಗೆ ಒಂದು ಡಬ್ಬಿಗಿಂತ ಜಾಸ್ತಿ ತರೋದು ನಮ್ಮಿಂದ ಆಗುವುದಿಲ್ಲ.

ಲ್ಯಾಕ್ಟೋಸ್ ಫ್ರೀ ಹಾಲನ್ನ ಕಾಕಾ ಮೊದಲು ‘ಹಾಲು ಇಲ್ಲ’ ಅನ್ನೋ ಕಪಾಟಿನಲ್ಲಿ ಇಟ್ಟಿದ್ದರು. ಇದು ದೊಡ್ಡ ತಪ್ಪು, ನಾನು ಹೇಳಿದೆ. ಅದು ಪೂರ್ತಿ ಹಾಲೇ, ಒಳಗಿನ ಸಕ್ಕರೆಯನ್ನ ಮಾತ್ರ ಒಡೆದಿರುತ್ತಾರೆ, ಪ್ರೋಟೀನ್ ಹಾಗೇ ಇರುತ್ತದೆ. ಹೊಟ್ಟೆ ಉಬ್ಬುವವರಿಗೆ ಒಳ್ಳೆಯದು, ನನ್ನ ಮಗನಂಥವರಿಗೆ ಅಪಾಯ. ಕಾಕಾ ವಾದ ಮಾಡಲಿಲ್ಲ. ‘ಹೌದೇನ್ರಿ? ಈಗ್ಲೇ ತೆಗಿತೀನಿ ತಡೀರಿ’ ಅಂತ ನನ್ನೆದುರಿಗೇ ಫ್ರಿಜ್ಜಿಗೆ ಸಾಗಿಸಿದರು. ಮರುದಿನ ಅದರ ಮುಂದೆಯೂ ಕೆಂಪು ಚೀಟಿ ಬಂದಿತ್ತು. ಒಂದು ಪ್ರೋಟೀನಿನ ಬಗೆ ಮಾತ್ರ ಬೇರೆ ಇರುವ ಎ2 ಹಾಲಿಗೂ ಇದೇ ಮಾತು, ಅಲರ್ಜಿ ಇದ್ದವರಿಗೆ ಅದು ಬೇರೆ ಅಲ್ಲ.

ಕೊರತೆ ಇಲ್ಲ ಅಂತ ಅಲ್ಲ. ಐಸ್‌ಕ್ರೀಮ್ ಪೆಟ್ಟಿಗೆಯಲ್ಲಿ ಐಸ್‌ಕ್ರೀಮೂ ‘ಫ್ರೋಜನ್ ಡೆಸರ್ಟ್’ ಕೂಡ ಒಟ್ಟಿಗೆ ಬಿದ್ದಿವೆ. ಐಸ್‌ಕ್ರೀಮಿನಲ್ಲಿ ಹಾಲಿನ ಕೊಬ್ಬೇ ಇರಬೇಕು. ಇನ್ನೊಂದರಲ್ಲಿ ಅಡುಗೆ ಎಣ್ಣೆಯ ಕೊಬ್ಬು ಇರುತ್ತದೆ, ಪ್ಯಾಕಿನ ಮೇಲೆ ಹಾಗಂತ ಬರೆದಿರುತ್ತದೆ. ಪೂರ್ತಿ ದುಡ್ಡು ಕೊಟ್ಟು ಐಸ್‌ಕ್ರೀಮ್ ಅಂದುಕೊಂಡು ಒಯ್ಯುವವರಿಗೆ ಇದು ಗೊತ್ತಾಗಬೇಕು. ಎಣ್ಣೆಯದ್ದು ಅಂದಮೇಲೆ ಹಾಲಿರಲ್ಲ ಅಂತ ತಿಳಿದರೂ ಕಷ್ಟ, ಅದರಲ್ಲಿ ಸಾಮಾನ್ಯವಾಗಿ ಹಾಲಿನ ಪುಡಿ ಇದ್ದೇ ಇರುತ್ತದೆ. ಈ ಪೆಟ್ಟಿಗೆಗೆ ಚೀಟಿ ಇಲ್ಲ. 2022ರ ನಿಯಮದ ಹಸಿರು ‘ವಿ’ ಗುರುತು, ವೀಗನ್ ಅನ್ನೋದು, ಅಂದರೆ ಹಾಲೂ ಸೇರಿ ಪ್ರಾಣಿಯಿಂದ ಬಂದದ್ದು ಏನೂ ಹಾಕಿಲ್ಲ ಅಂತ, ಕಪಾಟಿನ ಕೆಲವು ಡಬ್ಬಿಗಳ ಮೇಲಿದೆ. ಆದರೆ ಹಸಿರು ಚುಕ್ಕೆಗೂ ಅದಕ್ಕೂ ಏನು ವ್ಯತ್ಯಾಸ ಅಂತ ಒಂದು ಹಾಳೆಯಲ್ಲಿ ಬರೆದು ಗೋಡೆಗೆ ಅಂಟಿಸಿದರೆ ಎಷ್ಟೋ ಜನಕ್ಕೆ ಉಪಯೋಗ ಆಗುತ್ತದೆ.

ನನಗೆ ಸರಿ ಕಾಣದ ಇನ್ನೊಂದು, ಬಿಡಿ ಪನೀರ್. ದೊಡ್ಡ ಗಡ್ಡೆ ತಂದು ಕತ್ತರಿಸಿ ತೂಕ ಮಾಡಿ ಕೊಡುತ್ತಾರೆ, ಅದಕ್ಕೆ ಲೇಬಲ್ಲೇ ಇಲ್ಲ. ಹಾಲಿನ ಕೊಬ್ಬು ತೆಗೆದು ಎಣ್ಣೆ ಸೇರಿಸಿ ಮಾಡಿದ್ದನ್ನ ಪನೀರ್ ಅಂತ ಕರೆಯುವ ಹಾಗೇ ಇಲ್ಲ. ಪನೀರ್ ಅನ್ನಬೇಕಾದರೆ ನೀರಿನಂಶ ಬಿಟ್ಟು ಉಳಿದದ್ದರಲ್ಲಿ ಕನಿಷ್ಠ 50% ಹಾಲಿನ ಕೊಬ್ಬು ಇರಬೇಕು, ಕೊಬ್ಬು ಕಡಿಮೆ ಇರುವ ಪನೀರಿಗೆ ಬೇರೆ ಲೆಕ್ಕ. ನೋಡಿದರೆ ಗೊತ್ತಾಗುವುದಿಲ್ಲ. ಅಯೋಡಿನ್ ಹನಿ ಹಾಕಿದರೆ ಪಿಷ್ಟ ಬೆರೆಸಿದ್ದು ನೀಲಿಯಾಗಿ ಸಿಕ್ಕಿಬೀಳುತ್ತದೆ, ಎಣ್ಣೆ ಬೆರೆಸಿದ್ದು ಸಿಕ್ಕಿಬೀಳಲ್ಲ. ಎಲ್ಲಿಂದ ತರಿಸುತ್ತೀರಿ ಅಂತ ಕಾಕಾನನ್ನ ಕೇಳಿದೆ. ಊರ ಹೊರಗಿನ ಒಬ್ಬರು ಕೊಡ್ತಾರೆ, ಹಾಲಿಂದೇ ಅಂತಾರೆ, ಬಿಲ್ಲಿನ ಮೇಲೆ ಪನೀರ್ ಅಂತಷ್ಟೇ ಇರ್ತೈತಿ ಅಂದರು. ಮುಂದಿನ ಸಲ ಏನೇನು ಹಾಕಿದ್ದಾರೆ ಅಂತ ಅವರ ಕೈಯಲ್ಲೇ ಬರೆಸಿಕೊಳ್ಳುತ್ತೇನೆ ಅಂದಿದ್ದಾರೆ. ಎರಡು ವಾರ ಆಯಿತು, ಇನ್ನೂ ಬರೆಸಿಲ್ಲ. ಅಲ್ಲಿಯವರೆಗೆ ನಾನು ಅಲ್ಲಿ ಪನೀರ್ ತಗೊಳ್ಳುವುದಿಲ್ಲ. ಉಳಿದದ್ದೆಲ್ಲ ಅಲ್ಲಿಂದಲೇ ತರುತ್ತಿದ್ದೇನೆ, ಹೋದ ಶನಿವಾರ ಅತ್ತೆ ಒಬ್ಬರೇ ಹೋಗಿ, ಹಸಿರು ಚೀಟಿ ಓದಿ, ಸೋಯಾ ಡಬ್ಬಿ ತಂದರು.