ಇ-ಪುಸ್ತಕಕ್ಕೆ ಹಣ ಕಟ್ಟುವ ಮೊದಲು ಬೀಗದ ವಿಚಾರ ತಿಳಿದುಕೊಳ್ಳಿ

ಮುಂಬೈಯಲ್ಲಿ ಕನ್ನಡದ ಹೊಸ ಪುಸ್ತಕಗಳು ಕೈಗೆ ಸಿಗುವುದು ಕಷ್ಟವಾದ್ದರಿಂದ ನಮ್ಮಲ್ಲಿ ಅನೇಕರು ಇ-ಪುಸ್ತಕಗಳತ್ತ ಹೊರಳಿದ್ದೇವೆ. ಹಾಗೆ ಕೊಳ್ಳುವವರು, ತಮಗೆ ದೊರೆಯುವುದು ಪುಸ್ತಕದ ಫೈಲೋ ಅಥವಾ ಅಂಗಡಿಯ ಆ್ಯಪ್‌ನೊಳಗೆ ಮಾತ್ರ ಓದುವ ಅನುಮತಿಯೋ ಎಂಬುದನ್ನು ಮೊದಲೇ ಖಚಿತಪಡಿಸಿಕೊಳ್ಳಬೇಕೆಂದು ಕಳಕಳಿಯಿಂದ ಕೇಳಿಕೊಳ್ಳುತ್ತೇನೆ. ಕೊಂಡ ಪುಸ್ತಕ ಬೇರೆ ಆ್ಯಪ್ ಅಥವಾ ಸಾಧನದಲ್ಲಿ ತೆರೆಯದಂತೆ ಹಾಕುವ ತಾಂತ್ರಿಕ ತಡೆಯನ್ನೇ ಇಲ್ಲಿ ಬೀಗ ಎನ್ನುತ್ತಿದ್ದೇನೆ.

ಡೊಂಬಿವಲಿಯಿಂದ ಲೋಕಲ್ ರೈಲಿನಲ್ಲಿ ಓಡಾಡುವಾಗ ಮೊಬೈಲಿನಲ್ಲಿ ಓದಲೆಂದು ನಾನು ಒಂದು ಅಂಗಡಿಯಿಂದ ಹಲವು ಕಾದಂಬರಿಗಳನ್ನು ಕೊಂಡಿದ್ದೆ. ಕಣ್ಣು ಮಂಜಾದ ತಂದೆಯವರು ಅವನ್ನೇ ದೊಡ್ಡ ಅಕ್ಷರದಲ್ಲಿ ಓದಲೆಂದು ಇ-ಇಂಕ್ ರೀಡರ್ (ಕಾಗದದಂತೆ ಕಾಣುವ ಪರದೆಯ ಓದುವ ಸಾಧನ) ತಂದರೆ, ಅದರಲ್ಲಿ ಒಂದೂ ತೆರೆಯಲಿಲ್ಲ. ‘ನಮ್ಮ ಆ್ಯಪ್‌ನಲ್ಲೇ ಓದಬೇಕು’ ಎಂದು ಅಂಗಡಿಯವರೂ, ‘ಬೇರೆಯವರ ಪುಸ್ತಕಕ್ಕೆ ನಾವು ಹೊಣೆಯಲ್ಲ’ ಎಂದು ರೀಡರ್ ಕಂಪನಿಯವರೂ ಕೈ ತೊಳೆದುಕೊಂಡರು.

ತಂದೆಯವರು ಆಸೆಪಟ್ಟ ಒಂದು ಕಾದಂಬರಿಯನ್ನು ಇನ್ನೊಂದು ಅಂಗಡಿಯಿಂದ ಮತ್ತೆ ಕೊಂಡೆ. ಅಲ್ಲಿ ಡೌನ್‌ಲೋಡ್ ಆದದ್ದು ಎಸಿಎಸ್‌ಎಂ ಎಂಬ ಪುಟ್ಟ ಫೈಲು. ಅದರೊಳಗೆ ಪುಸ್ತಕವಿರುವುದಿಲ್ಲ, ಕಂಪ್ಯೂಟರಿಗೆ ಅಡೋಬ್ ಡಿಜಿಟಲ್ ಎಡಿಷನ್ಸ್ ಎಂಬ ತಂತ್ರಾಂಶ ಹಾಕಿ, ಅಡೋಬ್ ಖಾತೆ ತೆರೆದು, ರೀಡರನ್ನೂ ಅದೇ ಖಾತೆಗೆ ಜೋಡಿಸಿದ ಮೇಲಷ್ಟೇ ಪುಸ್ತಕ ರೀಡರಿಗೆ ಬರುತ್ತದೆ. ಇಷ್ಟೆಲ್ಲ ಮಾಡಿ ತೆರೆದರೆ ಒತ್ತಕ್ಷರಗಳೆಲ್ಲ ಚೆದುರಿ, ‘ಅಮ್ಮ’ ಎಂಬುದು ‘ಅಮ್‌ಮ’ ಎಂದು ಕಾಣುತ್ತಿತ್ತು. ಬೀಗವಿಲ್ಲದ ಇಪಬ್ (ಇ-ಪುಸ್ತಕಗಳ ಸಾಮಾನ್ಯ ಫೈಲ್ ಮಾದರಿ) ಆಗಿದ್ದರೆ ಕನ್ನಡವನ್ನು ಸರಿಯಾಗಿ ತೋರಿಸುವ ಬೇರೊಂದು ತಂತ್ರಾಂಶದಲ್ಲಿ ಅದನ್ನು ತೆರೆಯಬಹುದಿತ್ತು. ಇಲ್ಲಿ ಅದಕ್ಕೂ ಆಸ್ಪದವಿಲ್ಲ. ಹಕ್ಕುಸ್ವಾಮ್ಯ ಉಲ್ಲಂಘಿಸುವ ಉದ್ದೇಶದಿಂದ ಇಂಥ ಬೀಗ ಮುರಿದರೆ, ಭಾರತದ ಹಕ್ಕುಸ್ವಾಮ್ಯ ಕಾಯ್ದೆಗೆ 2012ರ ತಿದ್ದುಪಡಿಯಲ್ಲಿ ಸೇರಿದ 65ಎ ಕಲಮಿನ ಪ್ರಕಾರ 2 ವರ್ಷಗಳವರೆಗೆ ಸೆರೆವಾಸ ಮತ್ತು ದಂಡವಿದೆ. ಲೇಖಕರ ದುಡಿಮೆಗೆ ರಕ್ಷಣೆ ಬೇಕೆಂಬುದರಲ್ಲಿ ಎರಡು ಮಾತಿಲ್ಲ. ಆದರೆ ಹಣ ಕೊಟ್ಟ ಓದುಗನನ್ನೇ ಹೊರಗೆ ನಿಲ್ಲಿಸುವುದು ಅನ್ಯಾಯ.

ದೊಡ್ಡ ಕಂಪನಿಯೆಂದು ನಂಬಿ ಕೂರುವಂತೆಯೂ ಇಲ್ಲ. 2019ರ ಏಪ್ರಿಲ್‌ನಲ್ಲಿ ಮೈಕ್ರೊಸಾಫ್ಟ್ ತನ್ನ ಇ-ಪುಸ್ತಕದ ಅಂಗಡಿ ಮುಚ್ಚಿದ ಮೇಲೆ, ಜನ ಕೊಂಡಿದ್ದ ಪುಸ್ತಕಗಳೂ ಆ ಜುಲೈನಿಂದ ತೆರೆಯದಾದವು. ಅದು ಹಣವನ್ನಾದರೂ ಹಿಂದಿರುಗಿಸಿತು. ಕಿಂಡಲ್ ಪುಸ್ತಕಗಳನ್ನು ಕಂಪ್ಯೂಟರಿಗೆ ಇಳಿಸಿಕೊಂಡು ಯುಎಸ್‌ಬಿ ಮೂಲಕ ಸಾಗಿಸುವ ಸೌಲಭ್ಯವನ್ನು ಅಮೆಜಾನ್ 2025ರ ಫೆಬ್ರವರಿ 26ರಂದು ನಿಲ್ಲಿಸಿತು.

ಹಣ ಮರಳಿಸಿರೆಂದು ಬರೆದ ಇಮೇಲ್‌ಗಳಿಗೆ ಎರಡೂ ಅಂಗಡಿಗಳಿಂದ ಉತ್ತರ ಬಾರದ್ದರಿಂದ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ದೂರು ಕೊಟ್ಟಿದ್ದೇನೆ. ನೀವು ಕೊಳ್ಳುವುದಾದರೆ, ಫೈಲು ಯಾವ ಬಗೆಯದು, ಎಷ್ಟು ಸಾಧನಗಳಲ್ಲಿ ತೆರೆಯುತ್ತದೆ, ಅಂಗಡಿ ಮುಚ್ಚಿದರೆ ಗತಿಯೇನು ಎಂದು ಮೊದಲೇ ಬರೆದು ಕೇಳಿ, ಬಂದ ಉತ್ತರವನ್ನು ರಸೀದಿಯ ಜೊತೆಗೆ ಇಟ್ಟುಕೊಳ್ಳಿ.