ಐದು ವರ್ಷ, ಮೂರು ಬಗೆ ಕಾಗದ: ವಿಜ್ಞಾನದ ಫೋಟೋಗೆ ಯಾವುದು ಹೊಂದುತ್ತದೆ

ಐದು ವರ್ಷದಿಂದ ಮೈಕ್ರೋಸ್ಕೋಪ್, ಟೆಲಿಸ್ಕೋಪ್ ಚಿತ್ರಗಳನ್ನು ಪ್ರದರ್ಶನಕ್ಕೆ ಪ್ರಿಂಟ್ ಮಾಡುತ್ತಿದ್ದೇನೆ. ಪಿಗ್ಮೆಂಟ್ ಇಂಕಿನ ಪ್ರಿಂಟರ್ ಒಂದೇ. ಬದಲಾಗಿದ್ದು ಕಾಗದ: ಹೊಳಪಿಲ್ಲದ ಹತ್ತಿಯ ಮ್ಯಾಟ್, ಹೊಳಪಿನ ಬರೈಟಾ, ಅರೆಹೊಳಪಿನ ತರಿತರಿ ಲಸ್ಟರ್.

ಮೊದಲೆಲ್ಲ ಏನಿದ್ದರೂ ಮ್ಯಾಟ್ ಮೇಲೇ ಹಾಕುತ್ತಿದ್ದೆ. ಕೈಗೆ ದಪ್ಪ ಸಿಗುತ್ತೆ, ಲೈಟು ಬಿದ್ದರೂ ಮಿಂಚಲ್ಲ. ಒಂದು ದಿನ ಡಾರ್ಕ್‌ಫೀಲ್ಡ್‌ನಲ್ಲಿ, ಅಂದರೆ ಹಿನ್ನೆಲೆ ಕಪ್ಪಾಗಿ ವಸ್ತು ಮಾತ್ರ ಹೊಳೆಯುವ ಮೈಕ್ರೋಸ್ಕೋಪ್ ವಿಧಾನದಲ್ಲಿ, ತೆಗೆದ ಡಯಾಟಮ್ (ಗಾಜಿನಂಥ ಚಿಪ್ಪಿನ ಸೂಕ್ಷ್ಮ ಪಾಚಿ) ಚಿತ್ರ ಪ್ರಿಂಟ್ ಮಾಡಿದೆ. ಸ್ಕ್ರೀನ್ ಮೇಲೆ ಕಪ್ಪಿನ ನಡುವೆ ಗಾಜಿನ ಹಾಗೆ ಹೊಳೆಯುತ್ತಿದ್ದ ಚಿಪ್ಪು ಕಾಗದದ ಮೇಲೆ ಬೂದಿ ಬಳಿದ ಹಾಗಿತ್ತು, ಅಂಚಿನ ಸಣ್ಣ ತೂತುಗಳ ಸಾಲು ಕಾಣಲೇ ಇಲ್ಲ. ಮ್ಯಾಟ್ ಮೇಲ್ಮೈ ಬೆಳಕನ್ನು ಎಲ್ಲ ಕಡೆಗೂ ಚೆದುರಿಸುತ್ತದೆ. ಅದರಲ್ಲಿ ಸ್ವಲ್ಪ ಯಾವಾಗಲೂ ಕಣ್ಣಿಗೆ ಬಂದೇ ಬರುತ್ತದೆ, ಹಾಗಾಗಿ ಕಪ್ಪು ಪೂರ್ತಿ ಕಪ್ಪಾಗುವುದಿಲ್ಲ. ಮ್ಯಾಟ್‌ನ ಕಪ್ಪು ಅಳೆದರೆ ಸುಮಾರು 1.6ರಿಂದ 1.7 ಡೆನ್ಸಿಟಿ (ಕಪ್ಪು ಎಷ್ಟು ಗಾಢ ಅನ್ನುವ ಅಳತೆ), ಒಳ್ಳೆ ಬರೈಟಾದ್ದು 2.3ರ ಆಸುಪಾಸು. ಅಂಕಿ ನೋಡಿ ಇಷ್ಟೇನಾ ಅನ್ನಬೇಡಿ. ಇದು ಲಾಗರಿದಮ್ ಲೆಕ್ಕ, ಅಂದರೆ ಮ್ಯಾಟ್‌ನ ಕಪ್ಪು ನಾಲ್ಕು ಪಟ್ಟು ಬೆಳಕನ್ನು ವಾಪಸ್ ಕಳಿಸುತ್ತಿದೆ!

ಅದೇ ಫೈಲನ್ನು ಬೇರಿಯಂ ಸಲ್ಫೇಟ್ ಪದರವಿರುವ ಬರೈಟಾ ಮೇಲೆ ಹಾಕಿದಾಗ ತೂತುಗಳು ಒಂದೊಂದಾಗಿ ಎಣಿಸುವ ಹಾಗೆ ಬಂದವು. ಅವತ್ತಿನಿಂದ ನೀಹಾರಿಕೆ, ಫ್ಲೋರೆಸೆನ್ಸ್ (ಮಾದರಿ ತಾನೇ ಬಣ್ಣದ ಬೆಳಕು ಸೂಸುವ ಚಿತ್ರ), ಡಾರ್ಕ್‌ಫೀಲ್ಡ್ ಎಲ್ಲ ಬರೈಟಾಕ್ಕೇ. ಫ್ಲೋರೆಸೆನ್ಸ್‌ನ ಕಡು ಹಸಿರು, ನೀಲಿ ಮಾತ್ರ ಯಾವ ಕಾಗದದಲ್ಲೂ ಸ್ಕ್ರೀನಿನಷ್ಟು ಬರಲ್ಲ. ಆ ಕಾಗದದ್ದೇ ಐಸಿಸಿ ಪ್ರೊಫೈಲ್ (ಕಾಗದದ ಮೇಲೆ ಬಣ್ಣ ಹೇಗೆ ಬರುತ್ತೆ ಅಂತ ಹೇಳುವ ಫೈಲು) ಹಾಕಿ ಮೊದಲು ಸಾಫ್ಟ್ ಪ್ರೂಫ್, ಅಂದರೆ ಪ್ರಿಂಟ್ ಹೇಗಿರುತ್ತೆ ಅಂತ ಸ್ಕ್ರೀನಿನ ಮೇಲೇ, ನೋಡಿ, ಇಲ್ಲದಿದ್ದರೆ ಶೀಟು ಸುಮ್ನೆ ದಂಡ.

ಹಾಗಂತ ಮ್ಯಾಟ್ ಬಿಟ್ಟಿಲ್ಲ. ಎಲೆಕ್ಟ್ರಾನ್ ಮೈಕ್ರೋಸ್ಕೋಪಿನ ಚಿತ್ರಗಳಲ್ಲಿ ವಿವರ ಇರೋದು ಬೂದು ಬಣ್ಣದ ಮೆಟ್ಟಿಲುಗಳಲ್ಲಿ, ಕಪ್ಪಿನಲ್ಲಲ್ಲ. ದಾಸವಾಳದ ಪರಾಗದ ಮುಳ್ಳುಗಳನ್ನು ಹಾನೆಮ್ಯೂಲೆ ಕಂಪನಿಯ ಫೋಟೋ ರಾಗ್ 308 ಜಿಎಸ್‌ಎಂ (ಚದರ ಮೀಟರಿಗೆ 308 ಗ್ರಾಂ) ಮೇಲೆ ಪ್ರಿಂಟ್ ಮಾಡಿದ್ದೆ, ಪೂರ್ತಿ ಹತ್ತಿಯ ಕಾಗದ ಅದು. ಮುಟ್ಟಿದರೆ ಚುಚ್ಚುತ್ತವೇನೋ ಅನ್ನುವ ಹಾಗಿದ್ದವು.

ಬೇರೊಂದು ಹತ್ತಿ ಕಾಗದ ನನಗೆ ತುಂಬಾ ನೋವು ಕೊಟ್ಟಿತು. ಮೇಲಿದ್ದ ಹತ್ತಿ ಎಳೆಯ ಚೂರೊಂದು ಪ್ರಿಂಟ್ ಆದ ಮೇಲೆ ಉದುರಿ, ಕಪ್ಪು ಆಕಾಶದಲ್ಲಿ ಬಿಳಿ ಚುಕ್ಕೆ ಉಳಿದಿತ್ತು. ಪ್ರದರ್ಶನಕ್ಕೆ ಬಂದ ಹುಡುಗಿಯೊಬ್ಬಳು ಅದನ್ನು ತೋರಿಸಿ "ಇದು ಯಾವ ನಕ್ಷತ್ರ?" ಅಂದಳು. ಬೇರೆ ಫೋಟೋ ಆಗಿದ್ದರೆ ಸಣ್ಣ ಕಲೆ ಅಷ್ಟೇ, ವಿಜ್ಞಾನದ ಚಿತ್ರದಲ್ಲಿ ಅದು ಸುಳ್ಳು ಮಾಹಿತಿ ಅಲ್ವಾ? ಈಗ ಪ್ರತಿ ಶೀಟನ್ನೂ ಮೆತ್ತನೆ ಬ್ರಷ್‌ನಿಂದ ಗುಡಿಸಿಯೇ ಪ್ರಿಂಟರಿಗೆ ಕೊಡುತ್ತೇನೆ.

ಲಸ್ಟರ್ ಪರೀಕ್ಷೆ ಪ್ರಿಂಟಿಗೆ, ಪೋಸ್ಟರಿಗೆ ಸಾಕು. ಕಪ್ಪು ಚೆನ್ನಾಗೇ ಬರುತ್ತೆ, ಆದರೆ ಮೇಲಿನ ತರಿತರಿ ಸೂಕ್ಷ್ಮ ರಚನೆಯ ಜೊತೆ ಬೆರೆತು ಹತ್ತಿರದಿಂದ ನೋಡುವವರಿಗೆ ಗೊಂದಲ.

ಕಾಗದವನ್ನು ಬೆಳ್ಳಗೆ ಕಾಣಿಸುವ ಬ್ರೈಟ್ನರ್ ಬಗ್ಗೆಯೂ ಗಮನ ಇರಲಿ. ಅದು ಅಲ್ಟ್ರಾವಯಲೆಟ್ ಹೀರಿ ನೀಲಿ ಬೆಳಕು ಬಿಡುತ್ತದೆ. ಯುವಿ ತಡೆಯುವ ಗಾಜಿನ ಹಿಂದೆ ಹಾಕಿದರೆ ಅದೇ ಬಿಳಿ ಹಳದಿಗೆ ತಿರುಗಿದ ಹಾಗೆ ಕಾಣುತ್ತದೆ.

ಬರೈಟಾಕ್ಕೆ ಗಾಜು ಹಾಕುವುದಾದರೆ ಪ್ರತಿಫಲನ ತಡೆಯುವ ಗಾಜೇ ಬೇಕು, ಇಲ್ಲದಿದ್ದರೆ ಗಳಿಸಿದ ಕಪ್ಪೆಲ್ಲ ಹೋಯಿತು. ನಾನು ಈಗ ಅಂಗೈ ಅಗಲದ ತುಂಡುಗಳನ್ನು ಮ್ಯಾಟ್, ಬರೈಟಾ ಎರಡೂ ಕಾಗದದಲ್ಲಿ ಪ್ರಿಂಟ್ ಮಾಡಿ, ಒಂದು ದಿನ ಒಣಗಲು ಬಿಟ್ಟು, ಚಿತ್ರ ತೂಗಲಿರುವ ಗೋಡೆಯ ಮೇಲೆ, ಅದೇ ಲೈಟಿನ ಕೆಳಗೆ ಅಂಟಿಸಿ ನೋಡಿಯೇ ದೊಡ್ಡ ಶೀಟು ಬಿಚ್ಚುತ್ತೇನೆ.