ಬ್ಲೂ ಕಟ್ ಲೆನ್ಸ್: ಕೌಂಟರಿನ ಲೇಸರ್ ಪರೀಕ್ಷೆ ಹೇಳದ ಮಾತು

ಪವರ್ ಇಲ್ಲದವರಿಗೂ ಕನ್ನಡಕದ ಅಂಗಡಿಯವರು ಈಗ ಒತ್ತಾಯಿಸಿ ಮಾರುವ ಸರಕು ಬ್ಲೂ ಕಟ್ ಲೆನ್ಸ್, ಅಂದರೆ ಪರದೆಯ ನೀಲಿ ಬೆಳಕು ತಡೆದು ಕಣ್ಣಿನ ದಣಿವು ತಪ್ಪಿಸುತ್ತದೆ ಎಂದು ಹೇಳುವ ಲೆನ್ಸ್. ಕೌಂಟರಿನಲ್ಲಿ ಒಂದು ಲೇಸರ್ ಪೆನ್ನು, ಒಂದು ಕಾರ್ಡು ಇರುತ್ತದೆ. ಮಾಮೂಲಿ ಲೆನ್ಸ್ ದಾಟಿ ಬಂದ ಬೆಳಕು ಕಾರ್ಡಿನ ಮೇಲೆ ಬಣ್ಣದ ಕಲೆ ಮೂಡಿಸುತ್ತದೆ. ಬ್ಲೂ ಕಟ್ ಅಡ್ಡ ಹಿಡಿದರೆ ಕಲೆಯೇ ಇಲ್ಲ. ಮೊಬೈಲ್ ನೋಡಿ ಕಣ್ಣುರಿ ಬಂದವರಿಗೆ ಇಷ್ಟು ಸಾಕು, ದುಡ್ಡು ಕೊಟ್ಟೇಬಿಡುತ್ತಾರೆ.

ಪರೀಕ್ಷೆ ಸುಳ್ಳಲ್ಲ. ಆದರೆ ಆ ಪೆನ್ನುಗಳಲ್ಲಿರುವುದು ಸಾಮಾನ್ಯವಾಗಿ 405 ನ್ಯಾನೋಮೀಟರಿನ ನೇರಳೆ ಬೆಳಕು (ನ್ಯಾನೋಮೀಟರ್ ಬೆಳಕಿನ ಅಲೆಯ ಉದ್ದದ ಅಳತೆ; ಬಣ್ಣ ಬದಲಾದಂತೆ ಅದೂ ಬದಲಾಗುತ್ತದೆ). ಬ್ಲೂ ಕಟ್ ಲೆನ್ಸುಗಳಲ್ಲಿ ಹೆಚ್ಚಿನವು ಸುಮಾರು 420ರವರೆಗೆ ಚೆನ್ನಾಗಿ ತಡೆಯುತ್ತವೆ. ಫೋನಿನ ನೀಲಿ ಬೆಳಕು ಜೋರಾಗಿರುವುದು 450ರ ಆಸುಪಾಸಿನಲ್ಲಿ. ಅಲ್ಲಿ ಇವು ತಡೆಯುವುದು ಸ್ವಲ್ಪವೇ. 450ನ್ನೂ ಗಟ್ಟಿಯಾಗಿ ತಡೆಯಬೇಕೆಂದರೆ ಲೆನ್ಸ್ ಎದ್ದು ಕಾಣುವಷ್ಟು ಹಳದಿಯಾಗಲೇಬೇಕು. ಬಟ್ಟೆ ಅಂಗಡಿಯಲ್ಲಿ, ಮುದ್ರಣ ಕೆಲಸದಲ್ಲಿ ಬಣ್ಣ ಗುರುತಿಸುವವರಿಗೆ ಅದು ಆಗಿಬರುವುದಿಲ್ಲ.

ಅಸಲಿಗೆ ಕಣ್ಣು ದಣಿಯುವುದು ನೀಲಿ ಬೆಳಕಿನಿಂದ ಎಂಬುದೇ ಗಟ್ಟಿ ಆಧಾರವಿಲ್ಲದ ಮಾತು. 2023ರಲ್ಲಿ, ವೈದ್ಯಕೀಯ ಪ್ರಯೋಗಗಳನ್ನು ಒರೆಗೆ ಹಚ್ಚುವ ಕಾಕ್ರೇನ್ ಸಂಸ್ಥೆ 17 ಪ್ರಯೋಗಗಳನ್ನು ಒಟ್ಟಿಗೆ ಪರಿಶೀಲಿಸಿತು. ಮಾಮೂಲಿ ಲೆನ್ಸಿಗಿಂತ ಈ ಲೆನ್ಸಿನಿಂದ ಕಣ್ಣಿನ ದಣಿವು ಕಡಿಮೆಯಾಗುವುದು ಅದಕ್ಕೆ ಕಾಣಲಿಲ್ಲ. ಅವೆಲ್ಲ ಕೆಲವೇ ವಾರಗಳೊಳಗೆ ಮುಗಿದ ಪ್ರಯೋಗಗಳು, ನಿಜ. ಆದರೂ 'ಹಾಕಿದ ದಿನವೇ ಹಾಯೆನಿಸುತ್ತದೆ' ಎಂದು ಮಾರುವವರಿಗೆ ಅದೇ ಉತ್ತರ.

ಉರಿಯ ಮೂಲ ಬೇರೆ. ಮಾಮೂಲಾಗಿ ನಿಮಿಷಕ್ಕೆ ಹದಿನೈದು ಸಲ ಮಿಟುಕುವ ರೆಪ್ಪೆ, ಪರದೆ ನೋಡುವಾಗ ಐದಾರು ಸಲಕ್ಕೆ ಇಳಿಯಬಹುದು. ಮಿಟುಕಿದರೂ ಎಷ್ಟೋ ಸಲ ಪೂರ್ತಿ ಮುಚ್ಚುವುದಿಲ್ಲ. ಕಣ್ಣೀರಿನ ಪದರ ಒಡೆದು ಕಣ್ಣು ಒಣಗುತ್ತದೆ. ಫ್ಯಾನ್ ಅಥವಾ ಎಸಿಯ ಗಾಳಿ ನೇರ ಮುಖಕ್ಕೆ ಬಡಿಯುತ್ತಿದ್ದರೆ ಇನ್ನೂ ಬೇಗ. ಎರಡನೆಯದು ದೂರ. ಫೋನ್ 25 ಸೆಂಟಿಮೀಟರಿನಲ್ಲಿದ್ದರೆ ಕಣ್ಣು 4 ಡಯಾಪ್ಟರ್ (ಲೆನ್ಸ್ ಪವರಿನ ಅಳತೆ) ಶಕ್ತಿ ಹಾಕಬೇಕು, 40ರಲ್ಲಿ ಎರಡೂವರೆ ಸಾಕು. ನಲವತ್ತು ದಾಟಿದವರಿಗೆ ಈ ಶಕ್ತಿ ಕುಗ್ಗುತ್ತ ಬರುವುದರಿಂದ ಅವರಿಗೆ ಬೇಕಾದದ್ದು ಓದುವ ಪವರ್. ಅದರ ಬದಲು ಬರೀ ಬ್ಲೂ ಕಟ್ ಹಾಕಿಸಿಕೊಟ್ಟರೆ ತಲೆನೋವು ಹಾಗೆಯೇ ಉಳಿಯುತ್ತದೆ, ಅರ್ಧ ಡಯಾಪ್ಟರ್ ಸಿಲಿಂಡರ್ ಪವರ್ (ಕಣ್ಣಿನ ಬಾಗು ಎಲ್ಲ ದಿಕ್ಕಿಗೂ ಒಂದೇ ಸಮ ಇಲ್ಲದವರಿಗೆ ಕೊಡುವ ಪವರ್) ಪತ್ತೆಯಾಗದೆ ಉಳಿದಾಗ ಆಗುವಂತೆಯೇ.

ಹಾಗಾಗಿ ನಮ್ಮ ಲೆಕ್ಕದಲ್ಲಿ ಇದಕ್ಕೆ ಹೆಚ್ಚುವರಿ ಹಣ ಕೊಡಬೇಕಿಲ್ಲ. ಮೊದಲು ಸರಿಯಾಗಿ ಪವರ್ ಪರೀಕ್ಷೆ ಮಾಡಿಸಿ. ಕಂಪ್ಯೂಟರ್ ಯಂತ್ರದ ಚೀಟಿಯೊಂದನ್ನೇ ನಂಬದೆ, ಒಂದೊಂದೇ ಗಾಜು ಬದಲಿಸಿ ನೋಡಲು ಹೇಳಿ. ಎರಡು ಪಾಪೆಗಳ ನಡುವಿನ ಅಂತರ ಅಳೆಸಿಕೊಳ್ಳಿ. ಆನ್‌ಲೈನ್ ಆರ್ಡರಿನಲ್ಲಿ ಎಡವಟ್ಟಾಗುವುದು ಹೆಚ್ಚಾಗಿ ಇಲ್ಲೇ. ಪವರ್ ಜಾಸ್ತಿಯಿದ್ದಷ್ಟೂ ಕೆಲವು ಮಿಲಿಮೀಟರ್ ತಪ್ಪಿದರೂ ಕಣ್ಣು ಎಳೆದಂತಾಗುತ್ತದೆ. ಖರ್ಚು ಮಾಡುವುದಿದ್ದರೆ ಪ್ರತಿಫಲನ ತಡೆಯುವ ಎಆರ್ ಕೋಟಿಂಗಿಗೆ ಮಾಡಿ. ಕೋಟಿಂಗ್ ಇಲ್ಲದ ಪ್ಲಾಸ್ಟಿಕ್ ಲೆನ್ಸ್ ಎರಡೂ ಮುಖ ಸೇರಿ ಸುಮಾರು 8 ಪ್ರತಿಶತ ಬೆಳಕನ್ನು ಹಿಂದಕ್ಕೆ ಕಳಿಸುತ್ತದೆ. ಒಳ್ಳೆಯ ಎಆರ್ ಅದನ್ನು ಒಂದೆರಡು ಪ್ರತಿಶತಕ್ಕೆ ಇಳಿಸುತ್ತದೆ, ರಾತ್ರಿ ಬೈಕ್ ಓಡಿಸುವಾಗ ವ್ಯತ್ಯಾಸ ಗೊತ್ತಾಗುತ್ತದೆ. ಕೆಲವು ಅಂಗಡಿಗಳಲ್ಲಿ ಎಆರ್ ಮತ್ತು ಬ್ಲೂ ಕಟ್ ಒಂದೇ ಬೆಲೆಗೆ ಜೊತೆಯಾಗಿ ಬರುತ್ತವೆ; ಹಾಗಿದ್ದರೆ ತೆಗೆದುಕೊಳ್ಳಿ, ನಷ್ಟವಿಲ್ಲ.

ಒಣ ಕಣ್ಣಿಗೆ 0.5 ಪ್ರತಿಶತ ಕಾರ್ಬಾಕ್ಸಿಮೀಥೈಲ್ ಸೆಲ್ಯುಲೋಸ್ ಡ್ರಾಪ್ಸ್ (ಕೃತಕ ಕಣ್ಣೀರು) ಆಗುತ್ತದೆ. ದಿನಕ್ಕೆ ನಾಲ್ಕು ಸಲಕ್ಕಿಂತ ಹೆಚ್ಚು ಬೇಕಾದರೆ ಪ್ರಿಸರ್ವೇಟಿವ್ (ಔಷಧಿ ಕೆಡದಂತೆ ಸೇರಿಸುವ ರಾಸಾಯನಿಕ) ಇಲ್ಲದ್ದನ್ನೇ ಕೇಳಿ. ಕಣ್ಣು ಕೆಂಪಾಯಿತೆಂದು ಮೆಡಿಕಲ್ ಶಾಪಿನವರು ಕೊಡುವ ಸ್ಟೀರಾಯ್ಡ್ ಡ್ರಾಪ್ಸನ್ನು ಮಾತ್ರ ವೈದ್ಯರ ಚೀಟಿಯಿಲ್ಲದೆ ಹಾಕಿಕೊಳ್ಳಬೇಡಿ. ದೀರ್ಘಕಾಲ ಬಳಸಿದರೆ ಗ್ಲಾಕೋಮಾ, ಪೊರೆ ಎರಡೂ ಬರಬಹುದು.

ಕೋಟಿಂಗ್ ಇರುವ ಲೆನ್ಸನ್ನು ಅಂಗಿಯ ಅಂಚಿನಿಂದ ಒಣಗಿದ್ದಾಗಲೇ ಉಜ್ಜಿದರೆ ಧೂಳೇ ಗೀರು ಹಾಕುತ್ತದೆ. ನಲ್ಲಿ ನೀರು ಬಿಟ್ಟು, ಒಂದು ಹನಿ ಪಾತ್ರೆ ತೊಳೆಯುವ ಲಿಕ್ವಿಡ್ ಹಚ್ಚಿ ತೊಳೆದ ಮೇಲೆ ಮೃದು ಬಟ್ಟೆಯಿಂದ ಒರೆಸಿ. ಬಿಸಿಲಲ್ಲಿ ನಿಲ್ಲಿಸಿದ ಕಾರಿನ ಡ್ಯಾಶ್‌ಬೋರ್ಡ್ ಮೇಲೆ ಬಿಟ್ಟರೆ ಕೋಟಿಂಗ್ ಬಿರುಕು ಬಿಡುತ್ತದೆ, ಆಮೇಲೆ ಲೆನ್ಸ್ ಬದಲಿಸದೆ ದಾರಿಯಿಲ್ಲ.